ಡೈರಿ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್: ವರ್ಷಗಟ್ಟಲೆ ಬಳಸಿದ ಮೇಲೆ

ಪೋಸ್ಟ್‌ಗ್ರೆಸ್ ಎಂಬುದು ಓಪನ್ ಸೋರ್ಸ್ ಡೇಟಾಬೇಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ಉಚಿತವಾಗಿ ಸಿಗುವ ಡೇಟಾಬೇಸ್. ಅದಕ್ಕೆ ಕನ್ನಡ ವರ್ಣಮಾಲೆ ಗೊತ್ತು. ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ, ಹಾಗಾಗಿ ಇದನ್ನೇ ಮೊದಲು ಹೇಳುತ್ತೇನೆ. ವೇಗ, ಜೇಸನ್ (JSON) ಎಂಬ ಡೇಟಾ ರೂಪಕ್ಕೆ ಬೆಂಬಲ, ಎಷ್ಟು ಟೆರಾಬೈಟ್ ತಡೆಯುತ್ತದೆ ಅನ್ನೋದನ್ನೆಲ್ಲ ನೀವು ಬೇರೆ ಕಡೆ ಓದಿರುತ್ತೀರಿ. ಅದನ್ನು ಬಿಡೋಣ.

ನಮ್ಮದು ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡ. ಬೆಳಿಗ್ಗೆ ಯಾರು ಎಷ್ಟು ಲೀಟರ್ ಹಾಕಿದರು, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಬಟವಾಡೆ ಎಷ್ಟಾಯಿತು. ಕೆಲಸ ಇಷ್ಟೇ, ಆದರೆ ಒಂದು ರೂಪಾಯಿ ತಪ್ಪಿದರೂ ಊರೆಲ್ಲ ಕೇಳುತ್ತದೆ. ಮೊದಲು ನಾವು ದುಡ್ಡು ಕೊಟ್ಟು ತರುವ ಒಂದು ಡೇಟಾಬೇಸ್ ಬಳಸುತ್ತಿದ್ದೆವು. ಹೆಸರು ಬೇಡ. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು.

ತೊಂದರೆ ಶುರುವಾಗಿದ್ದು ಸದಸ್ಯರ ಪಟ್ಟಿಯಿಂದ. ವಾರ್ಷಿಕ ಸಭೆಗೆ ಪ್ರಿಂಟ್ ತೆಗೆದುಕೊಟ್ಟಾಗ ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಏನ್ರೀ, ನಮ್ಮ ಲೆಡ್ಜರ್‌ನಲ್ಲಿ ಕಾವೇರಮ್ಮ, ಕಾಶಮ್ಮ ಆದ ಮೇಲೆ ಕಾಳಪ್ಪ ಬರ್ತಾನೆ. ನಿಮ್ಮ ಪ್ರಿಂಟ್‌ನಲ್ಲಿ ಕಾಳಪ್ಪ ಮೊದಲು ಬಂದು ಕೂತಿದ್ದಾನಲ್ಲ?" ಅವರು ಹೇಳಿದ್ದು ಸರಿ. ತಾಲ್ಲೂಕುಗಳ ಪಟ್ಟಿಯಲ್ಲೂ ಅದೇ ಕತೆ. ಹೊಳಲ್ಕೆರೆ, ಹೊಳೆನರಸೀಪುರ ಎರಡೂ ಬಂದ ಮೇಲೆ ಹೊಸನಗರ ಬರುತ್ತಿತ್ತು. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಆದರೆ ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನ ಸಂಖ್ಯೆಗಳಲ್ಲಿ ಳ ಕೂತಿರುವುದು ಲ ಮತ್ತು ವ ನಡುವೆ. ಭಾರತದ ಲಿಪಿಗಳಿಗೆಲ್ಲ ಸಾಮಾನ್ಯವಾಗಿ ಹೊಂದುವಂತೆ ಮಾಡಿದ ಹಳೆಯ ಇಸ್ಕಿ ವ್ಯವಸ್ಥೆಯ ಜೋಡಣೆಯನ್ನೇ ಯೂನಿಕೋಡ್ ಇಟ್ಟುಕೊಂಡಿದೆ. ಸಂಖ್ಯೆ ನೋಡಿ ಜೋಡಿಸಿದರೆ ಕಾಳಪ್ಪ ಮುಂದೆ ಬಂದೇ ಬರುತ್ತಾನೆ.

ಆ ಕಂಪನಿಯ ಬೆಂಬಲ ವಿಭಾಗಕ್ಕೆ ಬರೆದೆ. ದುಡ್ಡು ಕೊಟ್ಟ ಗಿರಾಕಿ ಅಲ್ವಾ? ಮನವಿ ದಾಖಲಾಗಿದೆ ಎಂದು ಉತ್ತರ ಬಂತು, ಅದಕ್ಕೊಂದು ಸಂಖ್ಯೆಯೂ ಸಿಕ್ಕಿತು. ಆ ಸಂಖ್ಯೆಯ ಹಿಂದೆ ಯಾರಿದ್ದಾರೆ, ಅವರು ಅದನ್ನು ಓದಿದರೋ ಇಲ್ಲವೋ, ಯಾವಾಗ ಮಾಡುತ್ತಾರೆ, ಯಾವುದೂ ನಮಗೆ ಕಾಣುತ್ತಿರಲಿಲ್ಲ. ಕೊನೆಗೆ ಪ್ರತಿ ಹೆಸರಿಗೂ ಒಂದು ಗುಪ್ತ ಕಾಲಂ ಮಾಡಿ, ಅದರಲ್ಲಿ ಅಕ್ಷರಗಳಿಗೆ ನಮ್ಮದೇ ಸಂಖ್ಯೆ ಹಾಕಿ ಜೋಡಿಸುತ್ತಿದ್ದೆವು. ಹೊಸ ಹೆಸರು ಸೇರಿಸಿದಾಗಲೆಲ್ಲ ಆ ಕಾಲಂ ತುಂಬಬೇಕು.

ಪೋಸ್ಟ್‌ಗ್ರೆಸ್‌ಗೆ ಬಂದ ಮೇಲೆ ಆ ಕಾಲಂ ಕಿತ್ತು ಹಾಕಿದೆ. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಅದು ಐಸಿಯು ಎಂಬ ಮುಕ್ತ ಲೈಬ್ರರಿಯ ವಿಂಗಡಣೆ ನಿಯಮಗಳನ್ನು ಬಳಸಬಲ್ಲದು. ವಿಂಗಡಿಸಲು ಹೇಳುವ ಆರ್ಡರ್ ಬೈ ಆದ ಮೇಲೆ ಕೊಲೇಟ್ (ಯಾವ ಕ್ರಮದಲ್ಲಿ) ಎಂದು ಬರೆದು ಕನ್ನಡದ ಹೆಸರು ಕೊಟ್ಟರೆ ಸಾಕು. ಹೊನ್ನಾಳಿ, ಹೊಸನಗರ, ಹೊಳಲ್ಕೆರೆ, ಹೊಳೆನರಸೀಪುರ. ಅಚ್ಚುಕಟ್ಟಾಗಿ ನಿಂತವು. ಈ ಕ್ರಮ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದೆ. ಯೂನಿಕೋಡ್ ಒಕ್ಕೂಟದವರು ಇಟ್ಟಿರುವ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಕನ್ನಡಕ್ಕೂ ಫೈಲುಗಳಿವೆ. ತೆರೆದು ಓದಬಹುದು. ತಪ್ಪಿದ್ದರೆ ತಿದ್ದಿ ಎಂದು ಕೇಳಲೂಬಹುದು. ನಮ್ಮ ಭಾಷೆಯ ನಿಯಮ ಹೀಗೆ ಕಣ್ಣೆದುರಿಗೆ ಇರುವುದು ನನಗೆ ತುಂಬಾ ದೊಡ್ಡ ವಿಷಯ.

ಇನ್ನು ದಿನನಿತ್ಯದ ಬಳಕೆ. ನನ್ನ ಬೆಳಗಿನ ಕೆಲಸ ಶುರುವಾಗುವುದು ಪಿಎಸ್‌ಕ್ಯೂಎಲ್‌ನ, ಅಂದರೆ ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಟೈಪ್ ಮಾಡುವ ಸಾಧನದ, ಕಪ್ಪು ಪರದೆಯಲ್ಲಿ. ಚಂದದ ಗುಂಡಿಗಳಿರುವ ಬೇರೆ ಸಾಧನಗಳೂ ಇವೆ, ತಂಡದ ಹುಡುಗರು ಅದನ್ನೇ ಬಳಸುತ್ತಾರೆ. ನನಗೆ ಇದೇ ಹಿತ. ಬ್ಯಾಕ್‌ಸ್ಲ್ಯಾಶ್ ಡಿ ಒತ್ತಿ ಟೇಬಲ್ ಹೆಸರು ಕೊಟ್ಟರೆ ಅದರ ಇಡೀ ಜಾತಕ ಬರುತ್ತದೆ. ಯಾವ ಕಾಲಂ, ಯಾವ ಇಂಡೆಕ್ಸ್, ಯಾವ ಟೇಬಲ್ ಇದನ್ನು ನೆಚ್ಚಿಕೊಂಡಿದೆ, ಎಲ್ಲ. ಟೈಮಿಂಗ್ ಆನ್ ಇಟ್ಟಿರುತ್ತೇನೆ, ಪ್ರತಿ ಪ್ರಶ್ನೆಗೂ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಕೆಳಗೆ ಬರುತ್ತದೆ. ರಾತ್ರಿ ಬ್ಯಾಕಪ್ ಸರಿಯಾಗಿ ಆಗಿದೆಯಾ, ನಿನ್ನೆ ಸಂಜೆಯ ಹಾಲು ಎಲ್ಲ ಸಂಘಗಳಿಂದ ಬಂದಿದೆಯಾ ಎಂದು ನೋಡುತ್ತೇನೆ. ಆಮೇಲೆ ಕಾಫಿ.

ಡೇಟಾ ತಿದ್ದುವುದಿದ್ದರೆ ಮೊದಲು ಬಿಗಿನ್ ಎಂದು ಟೈಪ್ ಮಾಡುತ್ತೇನೆ. ಅಪ್‌ಡೇಟ್ ಓಡಿಸಿದ ಮೇಲೆ ಎಷ್ಟು ಸಾಲು ಬದಲಾಯಿತು ಎಂದು ಅದೇ ಹೇಳುತ್ತದೆ. ನಾನು ಅಂದುಕೊಂಡ ಸಂಖ್ಯೆಗೆ ತಾಳೆಯಾದರೆ ಕಮಿಟ್ (ಬದಲಾವಣೆ ಖಾಯಂ), ಇಲ್ಲದಿದ್ದರೆ ರೋಲ್‌ಬ್ಯಾಕ್ (ಬದಲಾವಣೆ ರದ್ದು). ಇದು ಹೆಚ್ಚಿನ ಡೇಟಾಬೇಸ್‌ಗಳಲ್ಲೂ ಇದೆ, ನಿಜ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ನ ರಚನೆ ಬದಲಿಸುವುದನ್ನೂ ಹೀಗೆ ವಾಪಸ್ ತೆಗೆದುಕೊಳ್ಳಬಹುದು. ಹೊಸ ಕಾಲಂ ಸೇರಿಸಿ, ಹಳೆಯದನ್ನು ತೆಗೆದು, ಡೇಟಾ ಸಾಗಿಸಿ, ಮಧ್ಯದಲ್ಲಿ ಏನಾದರೂ ಎಡವಟ್ಟಾದರೆ ಒಂದೇ ರೋಲ್‌ಬ್ಯಾಕ್‌ಗೆ ಎಲ್ಲ ಮೊದಲಿನಂತೆ. ಒರಾಕಲ್‌ನಲ್ಲೂ ಮೈಎಸ್‌ಕ್ಯೂಎಲ್‌ನಲ್ಲೂ ಟೇಬಲ್ ಬದಲಿಸುವ ಆಜ್ಞೆ ಕೊಟ್ಟ ತಕ್ಷಣ ಅದು ತಾನಾಗಿಯೇ ಕಮಿಟ್ ಆಗಿಬಿಡುತ್ತದೆ. ರಾತ್ರಿ ಹೊತ್ತು, ಸಂಜೆಯ ಹಾಲು ಮುಗಿದು ಬೆಳಗಿನದು ಶುರುವಾಗುವುದರೊಳಗೆ ಅಪ್‌ಗ್ರೇಡ್ ಮಾಡುವ ನಮ್ಮಂಥವರಿಗೆ ಈ ಒಂದು ಗುಣವೇ ನಿದ್ದೆ ಕೊಡುತ್ತದೆ.

ಬ್ಯಾಕಪ್ ಫೈಲನ್ನು ಮಧ್ಯಾಹ್ನ ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ ಮೇಲೆ ಪೂರ್ತಿ ಬಿಚ್ಚಿ ನೋಡುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ. ಹೀಗೆ ಎರಡನೇ ಯಂತ್ರ, ಮೂರನೇ ಯಂತ್ರದಲ್ಲಿ ಹಾಕಿಕೊಳ್ಳಲು ಯಾರನ್ನೂ ಕೇಳಬೇಕಾಗಿಲ್ಲ. ಹಿಂದಿನದರಲ್ಲಿ ಪ್ರೊಸೆಸರ್ ಕೋರ್ ಲೆಕ್ಕದಲ್ಲಿ ದುಡ್ಡು. ಹೊಸ ಸರ್ವರ್ ತಂದಾಗ ಅದರಲ್ಲಿ ಕೋರ್ ಜಾಸ್ತಿ ಇದ್ದವು ಎಂಬ ಒಂದೇ ಕಾರಣಕ್ಕೆ ಬಂದ ಕೊಟೇಶನ್, ಸರ್ವರ್‌ನ ಬೆಲೆಯನ್ನೇ ಮೀರಿತ್ತು. ನಾವು ಪೋಸ್ಟ್‌ಗ್ರೆಸ್‌ಗೆ ದಾಟಿದ್ದು ಆಗಲೇ. ಸಣ್ಣ ತಂಡದ ಜೇಬು ನಮ್ಮದು, ಅದಕ್ಕೆ ತಕ್ಕ ಹಾಗೆ ನನ್ನ ತೀರ್ಪು.

ಉಚಿತ ಆವೃತ್ತಿ ಬಳಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ದೊಡ್ಡ ಕಂಪನಿಗಳು ಉಚಿತ ಆವೃತ್ತಿ ಕೊಡುತ್ತವೆ, ಆದರೆ ಮಿತಿ ಇಟ್ಟು. ಎಸ್‌ಕ್ಯೂಎಲ್ ಸರ್ವರ್ 2022ರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ. ಒರಾಕಲ್ 21ಸಿ ಎಕ್ಸ್‌ಪ್ರೆಸ್‌ನಲ್ಲಿ ಡೇಟಾಗೆ 12 ಜಿಬಿ, ಮೆಮೊರಿಗೆ 2 ಜಿಬಿ. ದಿನಕ್ಕೆ ಎರಡು ಹೊತ್ತು ಹಾಲು ಹಾಕುವ ಊರುಗಳ ಲೆಕ್ಕ ಬೆಳೆಯುತ್ತಲೇ ಹೋಗುತ್ತದೆ. ಗೋಡೆ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದೂ ಅದರ ಕಡೆಗೇ ನಡೆಯುವುದು ನನಗೆ ಇಷ್ಟವಾಗಲಿಲ್ಲ.

ಇಲ್ಲಿಯವರೆಗೆ ಬರೀ ಹೊಗಳಿಕೆ ಆಯಿತು. ಈಗ ಸಿಟ್ಟು.

ಯಾವ ವಿಂಗಡಣೆಯನ್ನು ನಾನು ಹೊಗಳಿದೆನೋ ಅದೇ ವಿಂಗಡಣೆ ಪೋಸ್ಟ್‌ಗ್ರೆಸ್‌ನ ಅತಿ ದೊಡ್ಡ ಅಪಾಯ. ಭಾಷೆಗಳ ವರ್ಣಮಾಲೆಗೆ ತಕ್ಕ ಕ್ರಮ ಅದಕ್ಕೆ ತನ್ನದೇ ಅಂತ ಇಲ್ಲ. ಐಸಿಯುವಿನಿಂದ ಇಲ್ಲವೇ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಗ್ಲಿಬ್‌ಸಿ ಲೈಬ್ರರಿಯಿಂದ ಕಡ ತರುತ್ತದೆ. ಇಂಡೆಕ್ಸ್ ಎಂದರೆ ಜೋಡಿಸಿಟ್ಟ ಪಟ್ಟಿ. ಪಟ್ಟಿಯನ್ನು ಒಂದು ಕ್ರಮದಲ್ಲಿ ಜೋಡಿಸಿಟ್ಟು, ಆಮೇಲೆ ಲೈಬ್ರರಿಯವರು ಕ್ರಮವನ್ನೇ ಬದಲಿಸಿದರೆ? ಇದ್ದ ಸಾಲೂ ಹುಡುಕಿದರೆ ಸಿಗುವುದಿಲ್ಲ. ಒಂದೇ ಇರಬೇಕಾದ ಸಂಖ್ಯೆ ಎರಡು ಸಲ ಒಳಗೆ ಸೇರಿಕೊಳ್ಳಬಹುದು. ಹಳೆಯ ಆವೃತ್ತಿಗಳಲ್ಲಿ ಡೇಟಾಬೇಸ್ ಹೆಚ್ಚಾಗಿ ಕೂಗಿಕೊಳ್ಳುತ್ತಲೂ ಇರಲಿಲ್ಲ, 15ನೇ ಆವೃತ್ತಿಯಿಂದ ಒಂದು ಎಚ್ಚರಿಕೆ ಬರುತ್ತದೆ.

ಇದು ಹೆದರಿಸಲು ಹೇಳಿದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಬಂದ ಗ್ಲಿಬ್‌ಸಿ 2.28ರಲ್ಲಿ ವಿಂಗಡಣೆಯ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಅದಕ್ಕೂ ಮುಂಚೆ ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆ, ಪ್ರದೇಶದ ಸೆಟ್ಟಿಂಗ್) 11 ಮೊದಲು, 1-1 ಆಮೇಲೆ. ಹೊಸದರಲ್ಲಿ 1-1 ಮೊದಲು. ಲಿನಕ್ಸ್‌ನದೇ ರೂಪಗಳಾದ ಡೆಬಿಯನ್ 9ರಿಂದ 10ಕ್ಕೆ, ಉಬುಂಟು 18.04ರಿಂದ 20.04ಕ್ಕೆ ಹೋದವರೆಲ್ಲ ಈ ಗೆರೆ ದಾಟಿದರು. ನಮ್ಮ ಸದಸ್ಯರ ಸಂಖ್ಯೆಯ ರೂಪವೇ ಹಾಗೆ, ಮೊದಲು ಸಂಘದ ಸಂಖ್ಯೆ, ನಡುವೆ ಗೆರೆ, ಆಮೇಲೆ ಸದಸ್ಯರ ಸಂಖ್ಯೆ. ಆಪರೇಟಿಂಗ್ ಸಿಸ್ಟಂ ಹೊಸದಾದ ವಾರ ಒಂದು ಸಂಘದಲ್ಲಿ ಹಾಲು ಹಾಕಲು ಬಂದ ಒಬ್ಬರ ಸದಸ್ಯ ಸಂಖ್ಯೆ ಒತ್ತಿದರೆ ಇಂಥ ಸದಸ್ಯರಿಲ್ಲ ಎಂದು ಬಂತು. ಕ್ಯಾನು ಹಿಡಿದು ಸಾಲಲ್ಲಿ ನಿಂತವರಿಗೆ ಏನು ಹೇಳುವುದು? ಇಪ್ಪತ್ತು ವರ್ಷದಿಂದ ಹಾಲು ಹಾಕುತ್ತಿರುವ ಅಜ್ಜಿ ಅವರು. ಆ ದಿನ ಅವರ ಹಾಲನ್ನು ಪುಸ್ತಕದಲ್ಲಿ ಬರೆದುಕೊಂಡರು. ಈ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಆದರೆ ಆಮೇಲೆ ಆದದ್ದನ್ನೂ ಹೇಳಲೇಬೇಕು. ಅವತ್ತು ಮಧ್ಯಾಹ್ನದೊಳಗೆ ಕಾರಣ ಸಿಕ್ಕಿತು. ಪೋಸ್ಟ್‌ಗ್ರೆಸ್‌ನವರ ವಿಕಿಯಲ್ಲಿ ಇದಕ್ಕೆಂದೇ ಒಂದು ಪುಟ ಇದೆ. ಯಾವ ಲಿನಕ್ಸ್‌ನ ಯಾವ ಆವೃತ್ತಿಯಲ್ಲಿ ಬದಲಾವಣೆ ಬಂತು, ನಿಮ್ಮ ಯಂತ್ರದಲ್ಲಿ ಹಳೆಯ ಕ್ರಮವಿದೆಯಾ ಹೊಸದಾ ಎಂದು ಪರೀಕ್ಷಿಸುವುದು ಹೇಗೆ, ಯಾವ ಇಂಡೆಕ್ಸ್‌ಗಳು ಕೆಟ್ಟಿರಬಹುದು, ಎಲ್ಲ ಬರೆದಿದ್ದಾರೆ. ಆಮ್‌ಚೆಕ್ ಎಂಬ ಜೊತೆ ಸಾಧನ ಓಡಿಸಿದರೆ ಕೆಟ್ಟ ಇಂಡೆಕ್ಸ್ ಯಾವುದು ಎಂದು ಹೇಳುತ್ತದೆ. ರೀಇಂಡೆಕ್ಸ್ ಮಾಡಿದೆವು, ಅಂದರೆ ಆ ಪಟ್ಟಿಗಳನ್ನು ಹೊಸ ಕ್ರಮದಲ್ಲಿ ಮತ್ತೆ ಕಟ್ಟಿದೆವು. ಸಂಜೆಯ ಹಾಲಿಗೆ ಎಲ್ಲ ಸರಿ ಇತ್ತು.

ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದಕ್ಕಾಗಿಯೇ. ಓಪನ್ ಸೋರ್ಸ್‌ನಲ್ಲಿ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ತಪ್ಪು ಇದೆ, ಆದರೆ ಅದೂ ಬಯಲಿನಲ್ಲೇ ಇದೆ. 2018ರಲ್ಲಿ ಇನ್ನೊಂದು ವಿಷಯ ಹೊರಬಂತು. ಡಿಸ್ಕ್‌ಗೆ ಬರೆಯುವಾಗ ದೋಷ ಬಂದರೆ ಲಿನಕ್ಸ್ ಏನು ಮಾಡುತ್ತದೆ ಎಂಬುದನ್ನು ಪೋಸ್ಟ್‌ಗ್ರೆಸ್ ವರ್ಷಗಳಿಂದ ತಪ್ಪಾಗಿ ತಿಳಿದುಕೊಂಡಿತ್ತು. ಕ್ರೇಗ್ ರಿಂಗರ್ ಎಂಬ ಡೆವಲಪರ್ ಇದನ್ನು ಎಲ್ಲರೆದುರು ಎತ್ತಿದರು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರೂ ಚರ್ಚೆಗೆ ಬಂದರು. 2019ರ ಫೆಬ್ರವರಿಯ 11.2 ಆವೃತ್ತಿಯಲ್ಲಿ ತಿದ್ದುಪಡಿ ಬಂತು, ಹಳೆಯ ಆವೃತ್ತಿಗಳಿಗೂ ಕೊಟ್ಟರು. ಆ ವಾದವಿವಾದವನ್ನು ಇವತ್ತಿಗೂ ಮೊದಲಿನಿಂದ ಕೊನೆತನಕ ಓದಬಹುದು. ನಾನು ಓದಿದೆ. ಅರ್ಧ ಅರ್ಥವಾಗಲಿಲ್ಲ, ಅರ್ಥವಾದ ಅರ್ಧದಿಂದಲೇ ಬಹಳ ಕಲಿತೆ.

ಇದಕ್ಕೆ ಎದುರಾಗಿ ಇನ್ನೊಂದು ಪದ್ಧತಿ ನೋಡಿ. ಹಲವು ವಾಣಿಜ್ಯ ಡೇಟಾಬೇಸ್‌ಗಳ ಲೈಸೆನ್ಸ್‌ನಲ್ಲಿ ಡಿವಿಟ್ ಕಲಮು ಎಂದು ಕರೆಯುವ ಒಂದು ಷರತ್ತಿದೆ. ನೀವು ದುಡ್ಡು ಕೊಟ್ಟು ತಂದ ಡೇಟಾಬೇಸ್ ಎಷ್ಟು ವೇಗವಾಗಿದೆ ಎಂದು ಅಳೆದು, ಆ ಫಲಿತಾಂಶವನ್ನು ಕಂಪನಿಯ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ. 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡಿವಿಟ್ ಡೇಟಾಬೇಸ್‌ಗಳನ್ನು ಹೋಲಿಸಿ ಅಂಕಿಗಳನ್ನು ಪ್ರಕಟಿಸಿದ ಮೇಲೆ ಹುಟ್ಟಿದ ಷರತ್ತು ಇದು. ಡೆವಲಪರ್‌ಗಳು ತಮ್ಮ ಅನುಭವವನ್ನು ಒಬ್ಬರಿಗೊಬ್ಬರು ಹೇಳಿಕೊಂಡೇ ಬೆಳೆಯುವವರು. ಆ ಬಾಯಿಗೇ ಬೀಗ ಹಾಕಿದರೆ ನನಗೆ ಒಪ್ಪಿಗೆಯಿಲ್ಲ.

ನಮ್ಮ ತಂಡದ ಹಿರಿಯರು ಈಗಲೂ ಕೇಳುವ ಪ್ರಶ್ನೆ ಒಂದೇ. "ರಾತ್ರಿ ಎರಡು ಗಂಟೆಗೆ ಬಿದ್ದರೆ ಯಾರಪ್ಪ ಫೋನ್ ಎತ್ತೋದು?" ಅವರ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ಬಂದವರು ಅವರು, ಫೋನ್ ಎತ್ತುವವರಿಲ್ಲದ ರಾತ್ರಿಗಳನ್ನು ನೋಡಿದ್ದಾರೆ. ಅವರಿಗೆ ನನ್ನ ಉತ್ತರ, ಫೋನ್ ಎತ್ತುವವರನ್ನು ಇಲ್ಲೂ ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದು. ಎಂಟರ್‌ಪ್ರೈಸ್‌ಡಿಬಿಯಂಥ ಕಂಪನಿಗಳ ಕಸುಬೇ ಅದು. ಒಬ್ಬರ ಕೆಲಸ ಸರಿಬರದಿದ್ದರೆ ಡೇಟಾಬೇಸ್ ಬದಲಿಸದೆ ಫೋನ್ ಎತ್ತುವವರನ್ನು ಬದಲಿಸಬಹುದು. ಅಷ್ಟು ದುಡ್ಡು ಇಲ್ಲದವರು ನಮ್ಮ ಹಾಗೆ ತಾವೇ ಓದಿ ಕಲಿಯಬೇಕು. ಅದಕ್ಕೆ ಹಿಡಿಯುವ ಸಮಯವೂ ಒಂದು ಖರ್ಚೇ, ಮುಚ್ಚಿಡುವುದು ಬೇಡ.

ಅವರ ಇನ್ನೊಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಓಪನ್ ಸೋರ್ಸ್ ಎಂದು ಹಣೆಪಟ್ಟಿ ಇದ್ದ ಮಾತ್ರಕ್ಕೆ ನಂಬಬಾರದು. ಮೊಂಗೋಡಿಬಿ 2018ರಲ್ಲಿ, ಎಲಾಸ್ಟಿಕ್‌ಸರ್ಚ್ 2021ರಲ್ಲಿ, ಟೆರಾಫಾರ್ಮ್ 2023ರಲ್ಲಿ, ರೆಡಿಸ್ 2024ರಲ್ಲಿ, ಹೀಗೆ ಓಪನ್ ಸೋರ್ಸ್ ಎನಿಸಿದ್ದ ಸಾಫ್ಟ್‌ವೇರ್‌ಗಳು ಮುಕ್ತ ಲೈಸೆನ್ಸ್ ಬಿಟ್ಟು ಬಿಗಿಯಾದದ್ದಕ್ಕೆ ಹೋದವು. ಕೋಡ್ ಒಂದೇ ಕಂಪನಿಯ ಕೈಯಲ್ಲಿದ್ದರೆ ಅದು ಯಾವತ್ತು ಬೇಕಾದರೂ ನಿಯಮ ಬದಲಿಸಬಹುದು. ರೆಡಿಸ್ ಬದಲಾದ ತಿಂಗಳೇ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಅದರ ಹಳೆಯ ಮುಕ್ತ ಕೋಡಿನಿಂದ ವಾಲ್‌ಕೀ ಎಂಬ ಕವಲು ಹುಟ್ಟಿತು. ಆಮೇಲೆ 2025ರಲ್ಲಿ ರೆಡಿಸ್ ಮತ್ತೆ ಒಂದು ಮುಕ್ತ ಲೈಸೆನ್ಸನ್ನೂ ಸೇರಿಸಿಕೊಂಡಿತು. ನಡುವೆ ಸಿಕ್ಕವರ ಪಾಡು ಏನು?

ಪೋಸ್ಟ್‌ಗ್ರೆಸ್ ಯಾವ ಕಂಪನಿಯ ಸ್ವತ್ತೂ ಅಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಯೋಜನೆಯಾಗಿ ಶುರುವಾಗಿದ್ದು, 1996ರಿಂದ ಈಗಿನ ಹೆಸರಿನಲ್ಲಿ ಬೇರೆ ಬೇರೆ ಕಡೆಯ ಜನ ಸೇರಿ ನಡೆಸುತ್ತಿದ್ದಾರೆ. ಅದರ ಲೈಸೆನ್ಸ್ ಒಂದು ಪುಟ ತುಂಬುವುದಿಲ್ಲ. 2020ರಲ್ಲಿ ಎರಡು ಪೋಸ್ಟ್‌ಗ್ರೆಸ್ ಕಂಪನಿಗಳು ಒಂದಾದಾಗ, ಮುಖ್ಯ ತಂಡದಲ್ಲಿ ಒಂದೇ ಕಂಪನಿಯವರು ಅರ್ಧಕ್ಕಿಂತ ಜಾಸ್ತಿಯಾಗಬಾರದು ಎಂದು ಹೊರಗಿನ ಇಬ್ಬರನ್ನು ಸೇರಿಸಿಕೊಂಡರು. ಇಂಥ ಎಚ್ಚರ ನೋಡಿದರೆ ನನಗೆ ಧೈರ್ಯ ಬರುತ್ತದೆ.

ಉಳಿದ ದೂರುಗಳು ಚುಟುಕಾಗಿ. ವ್ಯಾಕ್ಯೂಮ್ ಒಂದು ಕಿರಿಕಿರಿ. ಸಾಲು ತಿದ್ದಿದಾಗ ಪೋಸ್ಟ್‌ಗ್ರೆಸ್ ಹಳೆಯ ಸಾಲನ್ನು ಅಲ್ಲೇ ಬಿಟ್ಟು ಹೊಸದನ್ನು ಬರೆಯುತ್ತದೆ. ಹಳೆಯದನ್ನು ಗುಡಿಸಲು ಆಟೊವ್ಯಾಕ್ಯೂಮ್ ಬರುತ್ತದೆ, ಆದರೆ ಮೂಲ ಸೆಟ್ಟಿಂಗ್‌ನಲ್ಲಿ ಟೇಬಲ್‌ನ ಸುಮಾರು 20 ಶೇಕಡಾ ಕಸವಾಗುವವರೆಗೂ ಕಾಯುತ್ತದೆ. ದೊಡ್ಡ ಟೇಬಲ್‌ಗಳಿಗೆ ಅದು ತಡವಾಯಿತು. ಬಟವಾಡೆ ದಿನ ದರ ತಿದ್ದುವ ಟೇಬಲ್‌ಗೆ ನಾವು ಆ ಶೇಕಡಾವನ್ನು ತುಂಬಾ ಇಳಿಸಿಕೊಂಡಿದ್ದೇವೆ. 2016ರಲ್ಲಿ ಊಬರ್‌ನವರು ಪೋಸ್ಟ್‌ಗ್ರೆಸ್ ಬಿಟ್ಟು ಮೈಎಸ್‌ಕ್ಯೂಎಲ್‌ಗೆ ಹೋದದ್ದನ್ನು ವಿವರಿಸಿ ಬರೆದಾಗ ಕೊಟ್ಟ ಕಾರಣಗಳಲ್ಲಿ ಈ ಬರೆಯುವ ರೀತಿಯೂ ಒಂದು. ವರ್ಷಕ್ಕೊಂದು ದೊಡ್ಡ ಆವೃತ್ತಿ, ಪ್ರತಿಯೊಂದಕ್ಕೂ ಐದು ವರ್ಷ ಬೆಂಬಲ. ಅಂದರೆ ಐದು ವರ್ಷದೊಳಗೆ ಒಮ್ಮೆಯಾದರೂ ಹೊಸ ಆವೃತ್ತಿಗೆ ಮನೆ ಬದಲಿಸಲೇಬೇಕು. 18ನೇ ಆವೃತ್ತಿಯಲ್ಲಿ, ಪ್ರಶ್ನೆಗೆ ವೇಗದ ದಾರಿ ಆರಿಸಲು ಬಳಸುವ ಟೇಬಲ್‌ಗಳ ಅಂಕಿಅಂಶವೂ ಜೊತೆಗೇ ಬರುತ್ತದೆ, ಮೊದಲಿನಂತೆ ಅಪ್‌ಗ್ರೇಡ್ ಆದ ಮೇಲೆ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ. ಫೈಲ್ ಮಟ್ಟದ ಎನ್‌ಕ್ರಿಪ್ಶನ್ ಮೂಲದಲ್ಲೇ ಬೇಕು, ಒಂದೇ ಡೇಟಾಬೇಸನ್ನು ಹಲವು ಸರ್ವರ್‌ಗಳಿಂದ ಒಟ್ಟಿಗೆ ಬರೆಯಬೇಕು ಎನ್ನುವವರಿಗೆ ಒರಾಕಲ್ ಇನ್ನೂ ಮುಂದಿದೆ. ಅವರು ಅದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೇನೂ ಇಲ್ಲ. ಡೈರಿ, ಸೊಸೈಟಿ, ಶಾಲೆ, ಸಣ್ಣ ಆಸ್ಪತ್ರೆಯ ಲೆಕ್ಕ ಬರೆಯುವವರು ಕಣ್ಣು ಮುಚ್ಚಿ ಪೋಸ್ಟ್‌ಗ್ರೆಸ್ ತೆಗೆದುಕೊಳ್ಳಬಹುದು. ನನ್ನಿಂದ ಐದಕ್ಕೆ ನಾಲ್ಕೂವರೆ.

ಆ ಅರ್ಧ ಕಳೆದದ್ದು ಹುಡುಕಾಟಕ್ಕೆ. ಪೋಸ್ಟ್‌ಗ್ರೆಸ್‌ನ ಪಠ್ಯ ಹುಡುಕಾಟ ಪದದ ಮೂಲ ರೂಪ ಹಿಡಿಯಲು ಸ್ನೋಬಾಲ್ ಎಂಬ ಮುಕ್ತ ಯೋಜನೆಯ ನಿಯಮಗಳನ್ನು ಬಳಸುತ್ತದೆ. 12ನೇ ಆವೃತ್ತಿಯಲ್ಲಿ ತಮಿಳು, ನೇಪಾಳಿ ಬಂದವು. 14ರಲ್ಲಿ ಹಿಂದಿ ಬಂತು. ಕನ್ನಡ ಬಂದಿಲ್ಲ. ಹಾಗಾಗಿ ಹಾಲು, ಹಾಲಿನ, ಹಾಲಿಗೆ, ಹಾಲನ್ನು ಎಲ್ಲ ಬೇರೆ ಬೇರೆ ಪದ ಎಂದೇ ಅದು ತಿಳಿಯುತ್ತದೆ. ಸಭೆಯ ನಡಾವಳಿಗಳಲ್ಲಿ ಏನನ್ನಾದರೂ ಹುಡುಕಬೇಕೆಂದರೆ ಎಲ್ಲ ರೂಪಗಳನ್ನೂ ಹಾಕಿ ನೋಡಬೇಕು. ಇದಕ್ಕೆ ಯಾರಿಗೂ ಮನವಿ ಕೊಟ್ಟು ಸಂಖ್ಯೆ ಹಿಡಿದು ಕಾಯಬೇಕಾಗಿಲ್ಲ, ನಾವೇ ಬರೆದು ಕಳಿಸಬಹುದು. ನಾನು ವಿಭಕ್ತಿ ಪ್ರತ್ಯಯಗಳಿಂದ ಶುರು ಮಾಡಿದ್ದೇನೆ. ಕ್ರಿಯಾಪದಗಳ ಹತ್ತಿರ ಬಂದು ನಿಂತಿದೆ, ಅಲ್ಲಿ ವ್ಯಾಕರಣ ಚೆನ್ನಾಗಿ ಬಲ್ಲವರು ಬೇಕು. ಕನ್ನಡ ಪಾಠ ಮಾಡುವವರು, ನಿಘಂಟು ಕೆಲಸ ಮಾಡಿದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಆ ಭಾಗ ನಾವು ನೋಡಿಕೊಳ್ಳುತ್ತೇವೆ.